ಕ್ಲಸ್ಟರ್ ಸರ್ವರುಗಳಲ್ಲಿ ಡೇಟಾಬೇಸ್ ಲಿಸನರ್

ಜಾಲದ ಮೂಲಕ ಡೇಟಾಬೇಸಿಗೆ ಬರುವ ಸಂಪರ್ಕದ ಕೋರಿಕೆಗಳನ್ನು ಗೊತ್ತಾದ ಒಂದು ವಿಳಾಸ ಮತ್ತು ಪೋರ್ಟಿನಲ್ಲಿ ಸ್ವೀಕರಿಸಿ, ತಕ್ಕ ಡೇಟಾಬೇಸ್ ಪ್ರಕ್ರಿಯೆಗೆ ಒಪ್ಪಿಸುವ ತಂತ್ರಾಂಶವೇ ಲಿಸನರ್. ಒಂದೇ ಸರ್ವರ್ ಇರುವ ಕಡೆ ಇದನ್ನು ಹೊಂದಿಸುವುದು ಕೆಲವೇ ಸಾಲುಗಳ ಕೆಲಸ. ಎರಡೋ ಮೂರೋ ಸರ್ವರುಗಳು ಸೇರಿ ಒಂದೇ ಡೇಟಾಬೇಸನ್ನು ನಡೆಸುವ, ಒಂದು ಬಿದ್ದರೆ ಇನ್ನೊಂದು ಹೊಣೆ ಹೊರುವ ಕ್ಲಸ್ಟರಿನಲ್ಲಿ ಹಾಗಲ್ಲ. ಅಲ್ಲಿ ಲಿಸನರಿನ ವಿಳಾಸ ಯಾವುದು, ಸರ್ವರ್ ಬಿದ್ದಾಗ ಅದು ಎಲ್ಲಿಗೆ ಸರಿಯುತ್ತದೆ, ಸರಿದ ಸಂಗತಿ ಸಂಪರ್ಕ ಬಯಸುವ ಕಂಪ್ಯೂಟರಿಗೆ ಎಷ್ಟು ಸೆಕೆಂಡಿನಲ್ಲಿ ತಿಳಿಯುತ್ತದೆ ಎಂಬ ಪ್ರಶ್ನೆಗಳು ಎದುರಾಗುತ್ತವೆ. ಸರ್ವರ್, ಡಿಸ್ಕ್, ವಿದ್ಯುತ್ ಎಲ್ಲವನ್ನೂ ಜೋಡಿ ಜೋಡಿಯಾಗಿ ಇಟ್ಟು ಲಿಸನರನ್ನು ಕಡೆಗಣಿಸಿದರೆ ಯಂತ್ರಕೋಣೆಯಲ್ಲಿ ಡೇಟಾಬೇಸ್ ಬದುಕಿದ್ದರೂ ಕೌಂಟರಿನ ಮುಂದೆ ನಿಂತವರ ಪಾಲಿಗೆ ಅದು ಇಲ್ಲದಂತೆಯೇ.

ಪಾಂಡವಪುರ ಉಪವಿಭಾಗದ ನಿದರ್ಶನ

ಮಂಡ್ಯ ಜಿಲ್ಲೆಯ ಎರಡು ಕಂದಾಯ ಉಪವಿಭಾಗಗಳಲ್ಲಿ ಪಾಂಡವಪುರ ಉಪವಿಭಾಗ ಒಂದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಇದಕ್ಕೆ ಸೇರಿವೆ. ಕಾವೇರಿ ನಾಲೆಯ ಭತ್ತ, ಕಬ್ಬಿನ ಗದ್ದೆಗಳಿಂದ ನಾಗಮಂಗಲದ ಕಡೆಯ ರಾಗಿ ಹೊಲ, ತೆಂಗಿನ ತೋಟಗಳವರೆಗೆ ಇಲ್ಲಿನ ಪ್ರತಿಯೊಂದು ಹಿಡುವಳಿಯ ಹಕ್ಕು ಇಂದು ಡೇಟಾಬೇಸಿನ ಒಂದು ದಾಖಲೆ. ಇದಕ್ಕೆ ದಾರಿ ಮಾಡಿದ್ದು 2000ದ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆ. ಕಂದಾಯ ಇಲಾಖೆಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಇದರ ತಂತ್ರಾಂಶವನ್ನು ಸಿದ್ಧಪಡಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಯೋಜನೆಯನ್ನು ಮುನ್ನಡೆಸಿದರು. ಮೊದಲ ಪ್ರಯೋಗಗಳಿಗೆ ನೆಲೆಯಾದದ್ದು ಇದೇ ಜಿಲ್ಲೆಯ ಮದ್ದೂರು. ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಸಿಗುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಕಾಗದದ ಪುಸ್ತಕಕ್ಕೆ ಮರಳುವ ದಾರಿ ಅಲ್ಲಿಗೆ ಮುಚ್ಚಿದ್ದರಿಂದ ಡೇಟಾಬೇಸ್ ಸಿಗದ ಪ್ರತಿಯೊಂದು ನಿಮಿಷಕ್ಕೂ ತೂಕ ಬಂತು.

ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅದರದೇ ಸರ್ವರ್ ಇತ್ತು. ನಾಗಮಂಗಲದ ಸರ್ವರ್ ಕೆಟ್ಟರೆ ನಾಗಮಂಗಲದ ಕೌಂಟರ್ ಮಾತ್ರ ನಿಲ್ಲುತ್ತಿತ್ತು, ಪಾಂಡವಪುರದ ಕೆಲಸ ನಡೆದೇ ಇರುತ್ತಿತ್ತು. ಮುಂದೆ ರಾಜ್ಯವ್ಯಾಪಿ ಜಾಲ ತಾಲ್ಲೂಕು ಕೇಂದ್ರಗಳನ್ನು ಬೆಸೆಯಿತು, ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿತು. ಆಗ ಲೆಕ್ಕಾಚಾರವೇ ಬದಲಾಯಿತು. ಬೂಕನಕೆರೆ, ಕಿಕ್ಕೇರಿ, ಬಿಂಡಿಗನವಿಲೆ, ಚಿನಕುರಳಿಯಂಥ ಹೋಬಳಿಗಳ ನಾಡಕಚೇರಿಗಳಿಂದ ಹಿಡಿದು ತಾಲ್ಲೂಕು ಕಚೇರಿಯ ಭೂಮಿ ಕೇಂದ್ರ, ಉಪನೋಂದಣಿ ಕಚೇರಿಯವರೆಗೆ ಎಲ್ಲ ಕಡೆಯ ಕೆಲಸವೂ ದೂರದ ಕೆಲವೇ ಸರ್ವರುಗಳ ಮೇಲೆ ನಿಂತಿತು. ಮುಂಗಾರಿಗೆ ಮುನ್ನ ಬೆಳೆಸಾಲದ ಪಹಣಿಗಾಗಿ ಸಾಲು ಬೆಳೆಯುವ ಹೊತ್ತಿನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿದವರಿಗೆ ಅದರ ಬೆಲೆ ಗೊತ್ತು: ಒಂದು ದಿನದ ಕೂಲಿ, ಹೋಗಿ ಬರುವ ಬಸ್ ಚಾರ್ಜು. ಆ ‘ಇಲ್ಲ’ದ ಹಿಂದೆ ಜಾಲದ ತೊಂದರೆ ಇರಬಹುದು, ವಿದ್ಯುತ್ತಿನದಿರಬಹುದು. ಡೇಟಾಬೇಸ್ ಸುಸ್ಥಿತಿಯಲ್ಲಿದ್ದೂ ಅದರ ಬಾಗಿಲು ಸಿಗದೆ ಆಗುವ ‘ಇಲ್ಲ’ವೂ ಒಂದುಂಟು. ಈ ಲೇಖನ ಅದಕ್ಕೆ ಸಂಬಂಧಿಸಿದ್ದು.

ಲಿಸನರ್ ಮಾಡುವ ಕೆಲಸ

ತಾಲ್ಲೂಕು ಕಚೇರಿಯ ಟಪಾಲು ಗುಮಾಸ್ತ ಅರ್ಜಿ ತೆಗೆದುಕೊಂಡು, ಅದು ಯಾವ ಶಾಖೆಗೆ ಸೇರಿದ್ದೆಂದು ನೋಡಿ, ಅಲ್ಲಿಗೆ ಕಳಿಸುತ್ತಾನೆ. ಕಡತವನ್ನು ತಾನು ತೀರ್ಮಾನಿಸುವುದಿಲ್ಲ. ಲಿಸನರ್ ಮಾಡುವುದೂ ಇಷ್ಟೇ. ಸಂಪರ್ಕವನ್ನು ಒಪ್ಪಿಸಿದ ಮೇಲೆ ಅದು ಆ ಮಾತುಕತೆಯಲ್ಲಿ ಇರುವುದಿಲ್ಲ. ಹೀಗಾಗಿ ಲಿಸನರ್ ನಿಂತರೂ ಆಗಲೇ ನಡೆಯುತ್ತಿರುವ ಸೆಷನ್‌ಗಳು ಮುಂದುವರಿಯುತ್ತವೆ, ಹೊಸದಾಗಿ ಬರುವವರಿಗೆ ಮಾತ್ರ ಪ್ರವೇಶ ಸಿಗುವುದಿಲ್ಲ. ಒಂದು ಕೌಂಟರ್ ನಡೆಯುತ್ತಿದ್ದು ಪಕ್ಕದ ಕೌಂಟರ್ ನಿಂತಿರುವ ವಿಚಿತ್ರ ಸ್ಥಿತಿಗೆ ಇದೊಂದು ಕಾರಣ.

ವೆಬ್ ಆಧಾರಿತ ವ್ಯವಸ್ಥೆಯಲ್ಲಿ ಕೌಂಟರಿನ ಕಂಪ್ಯೂಟರ್ ನೇರವಾಗಿ ಡೇಟಾಬೇಸಿನ ಬಳಿಗೆ ಹೋಗುವುದಿಲ್ಲ. ಅದು ಅಪ್ಲಿಕೇಶನ್ ಸರ್ವರನ್ನು ಕೇಳುತ್ತದೆ, ಅಪ್ಲಿಕೇಶನ್ ಸರ್ವರ್ ಡೇಟಾಬೇಸನ್ನು ಕೇಳುತ್ತದೆ. ಮುಂದೆ ‘ಕ್ಲೈಂಟ್’ ಎಂದಲ್ಲೆಲ್ಲ ಈ ಅಪ್ಲಿಕೇಶನ್ ಸರ್ವರ್ ಎಂದು ತಿಳಿಯಬೇಕು.

ವಿಳಾಸಗಳು

ಒರಾಕಲ್ ಸಂಸ್ಥೆಯ ರಿಯಲ್ ಅಪ್ಲಿಕೇಶನ್ ಕ್ಲಸ್ಟರ್ಸ್, ಬಳಕೆಯ ಹೆಸರಿನಲ್ಲಿ ‘ರ‍್ಯಾಕ್’, 2001ರಲ್ಲಿ 9ಐ ಆವೃತ್ತಿಯೊಂದಿಗೆ ಬಂತು. ಲಿಸನರಿನ ಬಗ್ಗೆ ಅತಿ ವಿಸ್ತಾರವಾಗಿ ಯೋಚಿಸಿರುವ ವ್ಯವಸ್ಥೆ ಇದೇ ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ವಿವರಣೆಗಾಗಿ ಎರಡು ನೋಡ್‌ಗಳ, ಅಂದರೆ ಎರಡು ಸರ್ವರುಗಳ, ಕ್ಲಸ್ಟರೊಂದನ್ನು ಕಲ್ಪಿಸಿಕೊಂಡು, ಉಪವಿಭಾಗದ ಎರಡು ನದಿಗಳ ಹೆಸರನ್ನು ಅವಕ್ಕೆ ಇಡೋಣ: ಹೇಮಾವತಿ ಮತ್ತು ಲೋಕಪಾವನಿ. ಪ್ರತಿ ನೋಡ್‌ಗೂ ಮೂರು ವಿಳಾಸಗಳು ಬೇಕು. ಮೊದಲನೆಯದು ಆ ಯಂತ್ರದ ಸ್ವಂತ ಸಾರ್ವಜನಿಕ ವಿಳಾಸ. ಎರಡನೆಯದು ನೋಡ್‌ಗಳು ತಮ್ಮೊಳಗೆ ಮಾತಾಡಿಕೊಳ್ಳುವ ಖಾಸಗಿ ಜಾಲದ ವಿಳಾಸ. ಇದರಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ. ಮೂರನೆಯದು ವರ್ಚುವಲ್ ಐಪಿ, ಅಂದರೆ ವಿಐಪಿ. ನೋಡ್‌ನ ಸ್ಥಳೀಯ ಲಿಸನರ್ ಮುಖ್ಯವಾಗಿ ಈ ಮೂರನೆಯ ವಿಳಾಸದಲ್ಲಿ, ರೂಢಿಯಂತೆ 1521ನೇ ಪೋರ್ಟಿನಲ್ಲಿ ಕುಳಿತಿರುತ್ತದೆ.

ವಿಐಪಿ ಯಾಕೆ ಬೇಕು ಎಂಬುದನ್ನು ಹತ್ತಿರದಿಂದ ನೋಡಬೇಕು. ಲೋಕಪಾವನಿ ಹಠಾತ್ತನೆ ನಿಂತಿತು ಎನ್ನಿ. ಕ್ಲೈಂಟ್ ಅದರ ಸ್ವಂತ ವಿಳಾಸವನ್ನೇ ನೆಚ್ಚಿಕೊಂಡಿದ್ದರೆ, ಅದು ಕಳಿಸಿದ ಮೊದಲ ಪ್ಯಾಕೆಟ್ಟಿಗೆ ಹೌದು ಎನ್ನುವವರೂ ಇಲ್ಲ, ಅಲ್ಲ ಎನ್ನುವವರೂ ಇಲ್ಲ. ಲಿನಕ್ಸ್ ಸುಮ್ಮನಾಗದೆ ಇನ್ನೂ ಆರು ಬಾರಿ, ಪ್ರತಿ ಸಲ ಅಂತರವನ್ನು ಇಮ್ಮಡಿಸುತ್ತ, ಅದೇ ಪ್ಯಾಕೆಟ್ ಕಳಿಸುತ್ತದೆ. ಕೈಬಿಡುವ ಹೊತ್ತಿಗೆ 127 ಸೆಕೆಂಡು ಕಳೆದಿರುತ್ತದೆ. ಪಕ್ಕದ ಹೇಮಾವತಿ ಆರೋಗ್ಯವಾಗಿದ್ದರೂ ಅಷ್ಟು ಹೊತ್ತು ಕೌಂಟರ್ ಸ್ತಬ್ಧ. ವಿಐಪಿ ಇದ್ದರೆ ಕತೆ ಬೇರೆ. ನೋಡ್ ಸತ್ತಿದೆಯೆಂದು ಕ್ಲಸ್ಟರ್ ತಂತ್ರಾಂಶ ತೀರ್ಮಾನಿಸಿದೊಡನೆ ಲೋಕಪಾವನಿಯ ವಿಐಪಿ ಹೇಮಾವತಿಯ ಮೇಲೆ ಬಂದು ಕೂರುತ್ತದೆ. ಹಾಗೆ ಬಂದರೂ ಅದರ ಮೇಲೆ ಯಾವ ಲಿಸನರೂ ಓಡುವುದಿಲ್ಲ! ಕ್ಲೈಂಟ್ ಕದ ತಟ್ಟಿದ ಕೂಡಲೇ ‘ಇಲ್ಲಿ ಯಾರೂ ಇಲ್ಲ’ ಎಂಬ ನಿರಾಕರಣೆ ಮಿಲಿಸೆಕೆಂಡುಗಳಲ್ಲಿ ಮರಳುತ್ತದೆ, ಕ್ಲೈಂಟ್ ಪಟ್ಟಿಯ ಮುಂದಿನ ವಿಳಾಸಕ್ಕೆ ಹೋಗುತ್ತದೆ. ಬೇಗ ‘ಇಲ್ಲ’ ಎನ್ನುವುದಕ್ಕಾಗಿಯೇ ಒಂದು ವಿಳಾಸ ಯಂತ್ರದಿಂದ ಯಂತ್ರಕ್ಕೆ ಪ್ರಯಾಣ ಮಾಡುತ್ತದೆ. ಇಡೀ ವಿನ್ಯಾಸದಲ್ಲಿ ಇದಕ್ಕಿಂತ ಜಾಣತನದ ಭಾಗ ಮತ್ತೊಂದಿಲ್ಲ.

ಮೊದಮೊದಲು ಎಲ್ಲ ನೋಡ್‌ಗಳ ವಿಐಪಿಗಳನ್ನೂ ಪ್ರತಿಯೊಂದು ಕ್ಲೈಂಟಿನ ಕಡತದಲ್ಲಿ ಬರೆಯಬೇಕಿತ್ತು. ಮೂರನೆಯ ನೋಡ್ ಸೇರಿಸಿದರೆ ಎಲ್ಲ ಕಡತಗಳನ್ನೂ ತಿದ್ದಬೇಕು. 2009ರ 11ಜಿ ಬಿಡುಗಡೆ 2ರಲ್ಲಿ ಬಂದ ‘ಸ್ಕ್ಯಾನ್’ ಈ ತಲೆನೋವನ್ನು ನೀಗಿಸಿತು. ಇದು ಇಡೀ ಕ್ಲಸ್ಟರಿಗೆ ಒಂದೇ ಹೆಸರು. ನಮ್ಮ ಉದಾಹರಣೆಗೆ ‘ಪಾಂಡವ-ಸ್ಕ್ಯಾನ್’ ಎನ್ನೋಣ. ಡಿಎನ್ಎಸ್ ಈ ಹೆಸರಿಗೆ ಮೂರು ಐಪಿಗಳನ್ನು ಸರದಿಯಂತೆ ಕೊಡುತ್ತದೆ. ನೋಡ್‌ಗಳು ಎರಡಿರಲಿ, ಹತ್ತಿರಲಿ, ಸಾಮಾನ್ಯವಾಗಿ ಸ್ಕ್ಯಾನ್ ಲಿಸನರುಗಳು ಮೂರೇ. ಸ್ಥಳೀಯ ವಿಐಪಿಯಂತಲ್ಲದೆ ಸ್ಕ್ಯಾನ್ ವಿಐಪಿ ಸರಿದಾಗ ಅದರ ಲಿಸನರೂ ಜೊತೆಗೇ ಸರಿದು ಕೆಲಸ ಮುಂದುವರಿಸುತ್ತದೆ. ಡಿಎನ್ಎಸ್ ಬದಲು ಹೋಸ್ಟ್ಸ್ ಕಡತದಲ್ಲಿ ಹೆಸರು ಬರೆದು ಮುಗಿಸುವ ಅಡ್ಡದಾರಿಯೊಂದಿದೆ. ಹಾಗೆ ಮಾಡಿದರೆ ಒಂದೇ ಐಪಿ, ಒಂದೇ ಸ್ಕ್ಯಾನ್ ಲಿಸನರ್. ಪ್ರಯೋಗಾಲಯಕ್ಕೆ ಅದು ಸಾಕು, ಜನರ ಹಕ್ಕುಪತ್ರಗಳಿರುವ ಜಾಗಕ್ಕೆ ಸಲ್ಲದು.

ಒಂದು ಕೋರಿಕೆ ಸಾಗುವ ದಾರಿ ಹೀಗಿದೆ. ಕ್ಲೈಂಟ್ ಪಾಂಡವ-ಸ್ಕ್ಯಾನ್ ಹೆಸರಿಗೆ ಐಪಿ ಕೇಳಿ, ಮೂರರಲ್ಲಿ ಒಂದರ ಸ್ಕ್ಯಾನ್ ಲಿಸನರನ್ನು ಮುಟ್ಟುತ್ತದೆ. ಕೇಳಿದ ಸರ್ವಿಸ್ (ಕ್ಲೈಂಟ್ ಡೇಟಾಬೇಸನ್ನು ಕೇಳುವ ಹೆಸರು) ಯಾವ ನೋಡ್‌ನಲ್ಲಿ ಕಡಿಮೆ ಹೊರೆಯಲ್ಲಿದೆ ಎಂದು ಆ ಲಿಸನರ್ ನೋಡಿ, ‘ಹೇಮಾವತಿಯ ವಿಐಪಿಗೆ ಹೋಗು’ ಎಂದು ಮರುವಿಳಾಸ ಕೊಡುತ್ತದೆ. ಕ್ಲೈಂಟ್ ಹೊಸದಾಗಿ ಅಲ್ಲಿಗೆ ಸಂಪರ್ಕಿಸುತ್ತದೆ, ಸ್ಥಳೀಯ ಲಿಸನರ್ ಅದನ್ನು ಸರ್ವರ್ ಪ್ರಕ್ರಿಯೆಯೊಂದಕ್ಕೆ ಒಪ್ಪಿಸುತ್ತದೆ. ಸರ್ಕಾರಿ ಜಾಲಗಳಂಥ ಬಿಗಿಯಾದ ಫೈರ್‌ವಾಲ್ ಇರುವೆಡೆ ತಪ್ಪು ಆಗುವುದು ಸರಿಯಾಗಿ ಈ ಎರಡನೆಯ ಹೆಜ್ಜೆಯಲ್ಲಿ. ಸ್ಕ್ಯಾನಿನ ಮೂರು ಐಪಿಗಳಿಗೆ ಅನುಮತಿ ಪಡೆದಿರುತ್ತಾರೆ, ನೋಡ್‌ಗಳ ವಿಐಪಿಗಳನ್ನು ಮರೆತಿರುತ್ತಾರೆ. ಮೊದಲ ಬಾಗಿಲು ತೆರೆಯುತ್ತದೆ, ಎರಡನೆಯದು ತೆರೆಯುವುದಿಲ್ಲ, ಕೆಲ ಹೊತ್ತು ಕಾದು ಓಆರ್‌ಎ-12170 ಎಂಬ ಕಾಲಮಿತಿಯ ದೋಷ ಬರುತ್ತದೆ. ವಿಐಪಿಯ ಹೆಸರನ್ನು ಕ್ಲೈಂಟಿನ ಡಿಎನ್ಎಸ್ ಗುರುತಿಸದಿದ್ದರೆ ಓಆರ್‌ಎ-12545. ಸ್ಕ್ಯಾನ್ ಸರಿಯಿದೆಯೆಂದು ಪರೀಕ್ಷೆ ತೋರಿಸುತ್ತಿರುವಾಗ ಈ ದೋಷದ ಬೆನ್ನು ಹತ್ತಿ ದಿನಗಟ್ಟಲೆ ಕಳೆಯುವುದು ಅಪರೂಪವಲ್ಲ.

ನೋಂದಣಿ ಮತ್ತು ಸರ್ವಿಸ್

ತನ್ನ ಹಿಂದೆ ಯಾವ ಡೇಟಾಬೇಸ್ ಇದೆ ಎಂಬುದು ಲಿಸನರಿಗೆ ತಾನಾಗಿ ಗೊತ್ತಿರುವುದಿಲ್ಲ. ಡೇಟಾಬೇಸೇ ಬಂದು ಹೇಳಿಕೊಳ್ಳಬೇಕು. 12ಸಿ ಆವೃತ್ತಿಯಿಂದ ಎಲ್‌ರೆಗ್ ಎಂಬ ಹಿನ್ನೆಲೆ ಪ್ರಕ್ರಿಯೆ, ಅದಕ್ಕೂ ಮುಂಚೆ ಪಿಮಾನ್, ಈ ನೋಂದಣಿಯನ್ನು ಮಾಡುತ್ತದೆ. ಲೋಕಲ್ ಲಿಸನರ್ ಎಂಬ ನಿಯತಾಂಕ ಸ್ವಂತ ನೋಡ್‌ನ ವಿಐಪಿಯನ್ನು ತೋರಿಸಬೇಕು, ರಿಮೋಟ್ ಲಿಸನರ್ ಎಂಬುದು ಸ್ಕ್ಯಾನಿನ ಹೆಸರು ಮತ್ತು ಪೋರ್ಟನ್ನು. ಎರಡನೆಯದು ತಪ್ಪಿದರೆ ಸ್ಕ್ಯಾನ್ ಲಿಸನರ್ ಓಡುತ್ತಿರುತ್ತದೆ, ಆದರೆ ಯಾವ ಸರ್ವಿಸನ್ನೂ ಅರಿಯದೆ ಬಂದವರಿಗೆಲ್ಲ ಓಆರ್‌ಎ-12514 ಎಂದು ಉತ್ತರಿಸುತ್ತದೆ. ಲಿಸನರನ್ನು ಈಗಷ್ಟೇ ಮರುಚಾಲನೆ ಮಾಡಿದ್ದರೂ ಇದೇ ದೋಷ ಕಾಣಬಹುದು, ಏಕೆಂದರೆ ಮುಂದಿನ ನೋಂದಣಿಗೆ ಸುಮಾರು 60 ಸೆಕೆಂಡು ಹಿಡಿಯುತ್ತದೆ. ಕಾಯಲಾಗದಿದ್ದರೆ ‘ಆಲ್ಟರ್ ಸಿಸ್ಟಮ್ ರಿಜಿಸ್ಟರ್’ ಆದೇಶ ಕೊಡಬೇಕು.

ಕೆಲಸದ ಬಗೆಗೊಂದು ಸರ್ವಿಸ್ ಮಾಡುವುದು ಒಳ್ಳೆಯ ಪದ್ಧತಿ. ಪಹಣಿ ಮುದ್ರಣ ಬರಿ ಓದುವ ಕೆಲಸ, ಸಂಖ್ಯೆಯಲ್ಲಿ ಹೆಚ್ಚು. ಖಾತೆ ಬದಲಾವಣೆ, ಅಂದರೆ ಮ್ಯುಟೇಶನ್, ಬರೆಯುವ ಕೆಲಸ, ಸಂಖ್ಯೆಯಲ್ಲಿ ಕಡಿಮೆ, ತೂಕದಲ್ಲಿ ಹೆಚ್ಚು. ಇವೆರಡನ್ನೂ ಬೇರೆ ಬೇರೆ ಸರ್ವಿಸ್ ಮಾಡಿ, ಒಂದಕ್ಕೆ ಹೇಮಾವತಿ, ಇನ್ನೊಂದಕ್ಕೆ ಲೋಕಪಾವನಿ ಮೊದಲ ಆಯ್ಕೆಯೆಂದೂ ಒಂದಕ್ಕೊಂದು ಬದಲಿಯೆಂದೂ ಗೊತ್ತುಪಡಿಸಬಹುದು. ಡೇಟಾಬೇಸಿನ ಹೆಸರಿನಲ್ಲೇ ಹುಟ್ಟುವ ಪೂರ್ವನಿಯೋಜಿತ ಸರ್ವಿಸನ್ನು ಅಪ್ಲಿಕೇಶನ್ನಿಗೆ ಕೊಡಬಾರದು. ಅದನ್ನು ಹೀಗೆ ಆಳಲು ಬರುವುದಿಲ್ಲ.

ಕ್ಲಸ್ಟರಿನಲ್ಲಿ ಲಿಸನರನ್ನು ನಿಲ್ಲಿಸಲು, ಓಡಿಸಲು ಬಳಸಬೇಕಾದ ಸಾಧನ ಎಸ್ಆರ್‌ವಿ-ಸಿಟಿಎಲ್. ಹಳೆಯ ಅಭ್ಯಾಸದಂತೆ ಲಿಸನರ್ ಕಂಟ್ರೋಲ್ ಸಾಧನದಿಂದ ನಿಲ್ಲಿಸಿದರೆ, ಅದು ಕುಸಿದುಬಿದ್ದಿದೆಯೆಂದು ಭಾವಿಸಿ ಕ್ಲಸ್ಟರ್ ತಂತ್ರಾಂಶ ಮತ್ತೆ ಎಬ್ಬಿಸುತ್ತದೆ.

ದೂರದ ನಗರದಲ್ಲಿ ವಿಪತ್ತಿನ ಕಾಲಕ್ಕೆಂದು ಇಡುವ ನಕಲು ಡೇಟಾಬೇಸಿಗೆ ಸರ್ವಿಸುಗಳನ್ನು ಪಾತ್ರಕ್ಕೆ ತಕ್ಕಂತೆ ಕಟ್ಟಬೇಕು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೇ ತನ್ನ ರಾಷ್ಟ್ರೀಯ ದತ್ತಾಂಶ ಕೇಂದ್ರಗಳನ್ನು ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರಗಳಲ್ಲಿ ಹರಡಿ ಇಟ್ಟಿದೆ. ಡೇಟಾಬೇಸ್ ‘ಪ್ರೈಮರಿ’ ಪಾತ್ರದಲ್ಲಿದ್ದಾಗ ಮಾತ್ರ ಬರೆಯುವ ಸರ್ವಿಸ್ ಏಳುವಂತೆ ಹೊಂದಿಸಿದರೆ ಕ್ಲೈಂಟ್ ಎರಡೂ ಊರಿನ ವಿಳಾಸಗಳನ್ನು ಇಟ್ಟುಕೊಂಡಿದ್ದು ಸರಿಯಾದ ಕಡೆಗೇ ತಲುಪುತ್ತದೆ. ಪಾತ್ರ ಬದಲಾವಣೆಯ ವೇಳೆ ನಿಂತ ಡೇಟಾಬೇಸನ್ನೂ ಮುಟ್ಟಬೇಕಾಗುವುದರಿಂದ ಅಲ್ಲಿ ಲಿಸನರ್ ಕಡತದಲ್ಲಿ ಸ್ಥಿರ ನಮೂದೊಂದು ಬೇಕಾಗಬಹುದು.

ಕ್ಲೈಂಟಿನ ಕಡೆ

ಸರ್ವರಿನಲ್ಲಿ ಎಲ್ಲ ಸರಿಯಿದ್ದೂ ಕ್ಲೈಂಟಿನ ಸಂಪರ್ಕ ವಾಕ್ಯ ಹಳತಾಗಿದ್ದರೆ ಫಲವಿಲ್ಲ. ಕಾಲಮಿತಿ, ಮರುಪ್ರಯತ್ನಗಳ ಸಂಖ್ಯೆ, ಅವುಗಳ ನಡುವಣ ಬಿಡುವು ಈ ಮೂರನ್ನೂ ಬರೆಯಲೇಬೇಕು. ಒರಾಕಲ್ಲಿನ ಸಾರಿಗೆ ಕಾಲಮಿತಿ ಹೇಳದಿದ್ದರೆ 60 ಸೆಕೆಂಡು. ಅದನ್ನು ಮೂರು ಸೆಕೆಂಡಿನ ಆಸುಪಾಸಿಗೆ ಇಳಿಸುವುದು ವಾಡಿಕೆ.

ಸಂಪರ್ಕ ಆದ ಮೇಲೆ ನೋಡ್ ಸತ್ತರೆ ಸಮಸ್ಯೆ ಇನ್ನೂ ಸೂಕ್ಷ್ಮ. ಉತ್ತರಕ್ಕಾಗಿ ಕಾಯುತ್ತಿರುವ ಕ್ಲೈಂಟಿಗೆ ಎದುರಿನವರು ಇಲ್ಲವೆಂದು ತಿಳಿಸುವವರಿಲ್ಲ. ಲಿನಕ್ಸ್‌ನಲ್ಲಿ ಎದುರಿನವರು ಇದ್ದಾರೆಯೇ ಎಂದು ವಿಚಾರಿಸುವ ಕೀಪ್‌ಅಲೈವ್ ಶುರುವಾಗುವುದೇ 7200 ಸೆಕೆಂಡಿನ ನಂತರ, ಅಂದರೆ ಎರಡು ಗಂಟೆ. ಆ ಮೌಲ್ಯವನ್ನು ಇಳಿಸುವುದು ಒಂದು ದಾರಿ. ‘ಫ್ಯಾನ್’ ಎಂಬ ಸೂಚನಾ ವ್ಯವಸ್ಥೆಗೆ ಸಂಪರ್ಕಗಳ ಪೂಲನ್ನು ಸೇರಿಸುವುದು ಇನ್ನೂ ಉತ್ತಮ. ನೋಡ್ ಬಿದ್ದ ಸುದ್ದಿಯನ್ನು ಅದು ರೂಢಿಯಂತೆ 6200ನೇ ಪೋರ್ಟಿನಲ್ಲಿ ಕೂಡಲೇ ಹಂಚುತ್ತದೆ. ಆ ಪೋರ್ಟಿಗೂ ಫೈರ್‌ವಾಲಿನ ಅನುಮತಿ ಬೇಕೆಂಬುದನ್ನು ಮರೆಯಬಾರದು.

ನಡುವೆ ಕಡಿದ ವ್ಯವಹಾರದ ಗತಿ ಏನು? ಖಾತೆ ಬದಲಾವಣೆಯೊಂದನ್ನು ಒಪ್ಪಿ ಗುಂಡಿ ಒತ್ತಿದ ಕ್ಷಣದಲ್ಲೇ ನೋಡ್ ಬಿದ್ದರೆ ಅದು ದಾಖಲಾಯಿತೋ ಇಲ್ಲವೋ ಎಂಬುದು ಗುಂಡಿ ಒತ್ತಿದವರಿಗೆ ತಿಳಿಯದು. ಮತ್ತೊಮ್ಮೆ ಒತ್ತಿದರೆ ಎರಡು ಬಾರಿ ಆಗಬಹುದು, ಬಿಟ್ಟರೆ ಆಗದೇ ಉಳಿಯಬಹುದು. ಭೂಮಿ ತಂತ್ರಾಂಶದಲ್ಲಿ ಮ್ಯುಟೇಶನ್ ಅರ್ಜಿಗಳನ್ನು ಮೊದಲು ಬಂದದ್ದನ್ನು ಮೊದಲು ತೀರ್ಮಾನಿಸುವ ಸರದಿಗೆ ಕಟ್ಟಿಹಾಕಿದ್ದು ಅದರ ದೊಡ್ಡ ಸುಧಾರಣೆಗಳಲ್ಲಿ ಒಂದು. ಇಂಥ ಸರದಿಯಲ್ಲಿ ಒಂದು ನಮೂದು ಸಂದೇಹಕ್ಕೆ ಸಿಕ್ಕರೆ ಅದರ ಹಿಂದಿನವೂ ಕಾಯುತ್ತವೆ. 12ಸಿ ಆವೃತ್ತಿಯ ಟ್ರಾನ್ಸಾಕ್ಷನ್ ಗಾರ್ಡ್ ವ್ಯವಹಾರ ಮುಗಿಯಿತೇ ಎಂಬ ಪ್ರಶ್ನೆಗೆ ಖಚಿತ ಉತ್ತರ ಕೊಡುತ್ತದೆ. ಅದನ್ನು ಬಳಸುವಂತೆ ಅಪ್ಲಿಕೇಶನ್ ಬರೆಯದಿದ್ದರೆ ಆ ಸೌಲಭ್ಯ ಇದ್ದೂ ಇಲ್ಲದಂತೆ.

ಫೇಲ್‌ಓವರ್, ಅಂದರೆ ಬಿದ್ದ ನೋಡ್‌ನ ಹೊಣೆ ಇನ್ನೊಂದಕ್ಕೆ ಸರಿಯುವುದು, ಆದ ಮರುಕ್ಷಣ ಎಲ್ಲ ಕ್ಲೈಂಟುಗಳೂ ಉಳಿದ ಒಂದು ನೋಡ್‌ನ ಮೇಲೆ ಮುಗಿಬೀಳುತ್ತವೆ. ಲಿಸನರಿನ ಸರದಿ ಸಾಲಿನ ಉದ್ದಕ್ಕೆ ಲಿನಕ್ಸ್ ಒಂದು ಮಿತಿ ಹಾಕಿದೆ. ಕರ್ನಲ್ 5.4ಕ್ಕಿಂತ ಮುಂಚೆ ಅದರ ಪೂರ್ವನಿಯೋಜಿತ ಮೌಲ್ಯ 128, ಆಮೇಲೆ 4096. ಲಿಸನರಿನಲ್ಲಿ ಸಾಲನ್ನು ಉದ್ದ ಮಾಡಿ ಕರ್ನಲ್ಲಿನ ಮಿತಿಯನ್ನು ಹಾಗೇ ಬಿಟ್ಟರೆ ಚಿಕ್ಕದೇ ಜಾರಿಯಲ್ಲಿರುತ್ತದೆ. ಸೆಕೆಂಡಿಗೆ ಇಂತಿಷ್ಟೇ ಹೊಸ ಸಂಪರ್ಕ ಎಂಬ ಮಿತಿಯನ್ನೂ ಒರಾಕಲ್ ಲಿಸನರಿಗೆ ಹಾಕಬಹುದು. ನುಗ್ಗಲಿನಲ್ಲಿ ಉಳಿದ ನೋಡೂ ಕುಸಿಯುವುದಕ್ಕಿಂತ ಕೆಲವರು ಕೆಲವು ಸೆಕೆಂಡು ಕಾಯುವುದು ಲೇಸು.

ಇತರ ಡೇಟಾಬೇಸುಗಳು

ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರಿನಲ್ಲಿ 2012ರ ಆವೃತ್ತಿಯಿಂದ ಆಲ್ವೇಸ್ ಆನ್ ಅವೈಲಬಿಲಿಟಿ ಗ್ರೂಪಿಗೆ ಲಿಸನರ್ ಉಂಟು. ಇದು ಒಂದು ಜಾಲನಾಮ, ಪ್ರತಿ ಉಪಜಾಲಕ್ಕೊಂದು ಐಪಿ, ಸಾಮಾನ್ಯವಾಗಿ 1433 ಪೋರ್ಟ್ ಸೇರಿದ ಒಂದು ಕ್ಲಸ್ಟರ್ ಸಂಪನ್ಮೂಲ. ಎರಡು ಉಪಜಾಲಗಳಿದ್ದಾಗ ಎರಡೂ ಐಪಿಗಳು ಡಿಎನ್ಎಸ್‌ನಲ್ಲಿ ಇರುತ್ತವೆ, ಜೀವಂತವಾಗಿರುವುದು ಒಂದೇ. ಹಳೆಯ ಕ್ಲೈಂಟ್ ಇವನ್ನು ಒಂದಾದ ಮೇಲೊಂದರಂತೆ ಪ್ರಯತ್ನಿಸುತ್ತದೆ. ಸತ್ತ ಐಪಿ ಮೊದಲು ಸಿಕ್ಕರೆ ವಿಂಡೋಸ್ 21 ಸೆಕೆಂಡು ಕಾಯುತ್ತದೆ, ಲಾಗಿನ್ ಕಾಲಮಿತಿಯೋ 15 ಸೆಕೆಂಡು. ಹೀಗಾಗಿ ಒಮ್ಮೆ ಸಂಪರ್ಕ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ನೋಡುವವರಿಗೆ ಕಾರಣವೇ ಹೊಳೆಯುವುದಿಲ್ಲ. ಸಂಪರ್ಕ ವಾಕ್ಯದಲ್ಲಿ ಮಲ್ಟಿಸಬ್‌ನೆಟ್ ಫೇಲ್‌ಓವರ್ ಎಂಬುದನ್ನು ‘ಟ್ರೂ’ ಮಾಡಿದರೆ ಕ್ಲೈಂಟ್ ಎರಡೂ ವಿಳಾಸಗಳನ್ನು ಒಟ್ಟಿಗೆ ತಟ್ಟುತ್ತದೆ. ಅದನ್ನು ಅರಿಯದ ಹಳೆಯ ತಂತ್ರಾಂಶವಿದ್ದರೆ ಒಂದೇ ಐಪಿ ನೋಂದಾಯಿಸಿ, ಡಿಎನ್ಎಸ್ ನಮೂದಿನ ಆಯುಸ್ಸನ್ನು 1200 ಸೆಕೆಂಡಿನಿಂದ 300ಕ್ಕೆ ಇಳಿಸುತ್ತಾರೆ.

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತ್ಯೇಕ ಲಿಸನರ್ ಇಲ್ಲ, ಮುಖ್ಯ ಪ್ರಕ್ರಿಯೆಯೇ 5432ರಲ್ಲಿ ಕುಳಿತಿರುತ್ತದೆ. ಪೂರ್ವನಿಯೋಜಿತವಾಗಿ ಅದು ಕೇಳುವುದು ತನ್ನದೇ ಯಂತ್ರದ ಕರೆಯನ್ನು ಮಾತ್ರ. ಕ್ಲಸ್ಟರಿನಲ್ಲಿ ಬೇರೆ ತಂತ್ರಾಂಶಗಳು ಈ ಕೊರತೆ ತುಂಬುತ್ತವೆ: ಪ್ಯಾಟ್ರೋನಿ ನಾಯಕ ನೋಡ್ ಯಾವುದೆಂದು ತೀರ್ಮಾನಿಸುತ್ತದೆ, ಎಚ್ಎಪ್ರಾಕ್ಸಿ ಅದನ್ನು 8008ನೇ ಪೋರ್ಟಿನಲ್ಲಿ ವಿಚಾರಿಸಿ ಕೋರಿಕೆಗಳನ್ನು ನಾಯಕನತ್ತ ತಿರುಗಿಸುತ್ತದೆ, ಕೀಪ್‌ಅಲೈವ್‌ಡಿ ತೇಲುವ ಐಪಿಯನ್ನು ನೋಡಿಕೊಳ್ಳುತ್ತದೆ. 10ನೇ ಆವೃತ್ತಿಯಿಂದ ಸಂಪರ್ಕ ವಾಕ್ಯದಲ್ಲೇ ಹಲವು ಯಂತ್ರಗಳನ್ನು ಬರೆದು, ಬರೆಯಲು ಬರುವುದನ್ನೇ ಆರಿಸು ಎನ್ನಬಹುದು. ಮೈಎಸ್‌ಕ್ಯುಎಲ್ ಇನ್ನೋಡಿಬಿ ಕ್ಲಸ್ಟರಿನಲ್ಲಿ ಈ ಕೆಲಸ ಮೈಎಸ್‌ಕ್ಯುಎಲ್ ರೂಟರಿನದು.

ಭದ್ರತೆ

ಭೂಮಿ ಯೋಜನೆ ಪಾಸ್‌ವರ್ಡನ್ನಷ್ಟೇ ನಂಬದೆ, ದಾಖಲೆ ಮುಟ್ಟುವ ನೌಕರನ ಬೆರಳಚ್ಚನ್ನು ಕೇಳಿತು. ಮುಂಬಾಗಿಲಿಗೆ ಇಷ್ಟು ಕಾವಲಿರುವಾಗ ಲಿಸನರಿಗೂ ಅಷ್ಟೇ ಕಾವಲು ಬೇಕು. ಭದ್ರತಾ ಸಂಶೋಧಕ ಜೋಕ್ಸಿಯನ್ ಕೊರೆಟ್ 2008ರಲ್ಲಿ ಪತ್ತೆಮಾಡಿ ಒರಾಕಲ್ಲಿಗೆ ತಿಳಿಸಿದ, 2012ರ ಏಪ್ರಿಲ್‌ನಲ್ಲಿ ಬಯಲಿಗೆ ಬಂದ ‘ಟಿಎನ್ಎಸ್ ಪಾಯ್ಸನ್’ ದೋಷ ಇದನ್ನು ಮನಗಾಣಿಸಿತು. ಡೇಟಾಬೇಸ್ ತಾನಾಗಿ ಬಂದು ನೋಂದಾಯಿಸಿಕೊಳ್ಳುವ ಸೌಕರ್ಯವನ್ನೇ ಬಳಸಿ, ಜಾಲದಲ್ಲಿರುವ ಯಾವುದೇ ಯಂತ್ರ ಅದೇ ಸರ್ವಿಸಿನ ಹೆಸರಿನಲ್ಲಿ ತನ್ನನ್ನು ನೋಂದಾಯಿಸಿಕೊಳ್ಳಬಹುದಿತ್ತು. ಹೊರೆ ಹಂಚುವ ಲಿಸನರ್ ಒಂದು ಪಾಲು ಗ್ರಾಹಕರನ್ನು ಪ್ರಾಮಾಣಿಕವಾಗಿ ಆಕ್ರಮಣಕಾರನ ಬಳಿಗೇ ಕಳಿಸುತ್ತಿತ್ತು. ನೋಂದಣಿಗೆ ಬರುವ ಯಂತ್ರ ಕ್ಲಸ್ಟರಿನದೇ ಎಂದು ಪರೀಕ್ಷಿಸುವ ವ್ಯವಸ್ಥೆ 12ಸಿಯಿಂದ ಪೂರ್ವನಿಯೋಜಿತವಾಗಿದೆ. ಹಳೆಯ ಆವೃತ್ತಿಗಳಲ್ಲಿ ಕೈಯಾರೆ ಹಾಕಬೇಕು.

ಪರೀಕ್ಷೆ

ಒರಾಕಲ್ಲಿನ ಟಿಎನ್ಎಸ್‌ಪಿಂಗ್ ಎಂಬ ಸಾಧನ ‘ಸರಿ’ ಎಂದರೆ ಲಿಸನರ್ ಎದ್ದಿದೆ ಎಂದಷ್ಟೇ ಅರ್ಥ. ಸರ್ವಿಸ್ ಇದೆಯೇ ಎಂಬುದನ್ನು ಅದು ನೋಡುವುದಿಲ್ಲ. ನಿಜವಾದ ಪರೀಕ್ಷೆ ಅಪ್ಲಿಕೇಶನ್ ಸರ್ವರಿನಿಂದ, ಅಪ್ಲಿಕೇಶನ್ ಬಳಸುವ ಸಂಪರ್ಕ ವಾಕ್ಯದಿಂದಲೇ ಆಗಬೇಕು. ಲಿಸನರನ್ನು ಮಾತ್ರ ಕೊಲ್ಲುವುದು, ಡೇಟಾಬೇಸ್ ಪ್ರಕ್ರಿಯೆಯನ್ನು ಕೊಲ್ಲುವುದು, ನೋಡ್‌ನ ವಿದ್ಯುತ್ ತೆಗೆಯುವುದು, ಸಾರ್ವಜನಿಕ ಜಾಲದ ಕೇಬಲ್ ಕೀಳುವುದು, ಈ ನಾಲ್ಕೂ ಬೇರೆ ಬೇರೆ ಫಲ ಕೊಡುತ್ತವೆ. ಕ್ರಮಬದ್ಧವಾಗಿ ನಿಲ್ಲಿಸಿದ ನೋಡ್ ತನ್ನ ಸಂಪರ್ಕಗಳನ್ನು ತಾನೇ ಮುಚ್ಚಿ ಹೋಗುವುದರಿಂದ ಆ ಪರೀಕ್ಷೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಾಲಮಿತಿಗಳ ಕೊರತೆ ಹೊರಬೀಳುವುದು ವಿದ್ಯುತ್ ತೆಗೆದಾಗ ಮತ್ತು ಕೇಬಲ್ ಕಿತ್ತಾಗ. ಆ ಹೊತ್ತಿನಲ್ಲಿ ಕೌಂಟರಿನ ಪರದೆಯ ಮೇಲೆ ಮುಂದಿನ ಪಹಣಿ ಮೂಡಲು ಹಿಡಿದ ಸೆಕೆಂಡುಗಳನ್ನು ಎಣಿಸಿ ಬರೆದಿಡಬೇಕು, ಸಂರಚನೆ ಬದಲಾದಾಗಲೆಲ್ಲ ಮತ್ತೆ ಎಣಿಸಬೇಕು.